ಹೋಗುವಾಗ ಇಬ್ಬರು, ಬರುವಾಗ ಮೂವರು

ಅಂಗಡಿಯ ಹಿಂದಿನ ಕೋಣೆ,
ಏಪ್ರಿಲ್ ೧೫, ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಮಗಳೇ, ನನ್ನ ಮೊಂಡೀ,

ಹೇಗಿದ್ದೀಯ? ಕೈ ಈಗ ಹೇಗಿದೆ? ಆ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಹಾಕುವ ಪುಡಿ ನಿನಗೆ ಒಗ್ಗುತ್ತಿಲ್ಲ, ಬೆರಳ ಸಂದಿಯಲ್ಲೆಲ್ಲ ಬಿರುಕು ಬಿಟ್ಟಿದೆ ಎಂದು ನಿನ್ನ ಜತೆ ಕೋಣೆಯಲ್ಲಿರುವ ಹುಡುಗಿ ಫೋನಿನಲ್ಲಿ ಅಮ್ಮನಿಗೆ ಹೇಳಿದಳಂತೆ. ನೀನು ಹೇಳಲಿಲ್ಲ. ಫೋನ್ ಎತ್ತಿದರೆ ತಾನೇ ಹೇಳುವುದು. ಚರ್ಮಕ್ಕೆ ಹಚ್ಚುವ ಮೇಣವಿದೆಯಲ್ಲ, ಹಳದಿ ಡಬ್ಬಿಯದು, ಅದನ್ನು ಈ ಕಾಗದದ ಜತೆ ಕಳಿಸುತ್ತಿದ್ದೇನೆ. ನಗಬೇಡ. ಮೂವತ್ತೆಂಟು ವರ್ಷದಿಂದ ಬೂಟು ರಿಪೇರಿ ಮಾಡುವ ಈ ಕೈ ಉಳಿದಿರುವುದು ಅದರಿಂದಲೇ. ಸತ್ತ ಚರ್ಮಕ್ಕೆ ಆಗಿಬರುವುದು ಬದುಕಿರುವ ಚರ್ಮಕ್ಕೆ ಆಗದೆ ಇರುತ್ತದೆಯೇ. ಪಾಳಿ ಮುಗಿದ ಮೇಲೆ ಕೈ ಒರೆಸಿಕೊಂಡು ತೆಳ್ಳಗೆ ಹಚ್ಚು. ಡಬ್ಬಿ ಪೂರ್ತಿ ಬಳಿದುಕೊಳ್ಳಬೇಡ, ನಿನ್ನದು ಎಲ್ಲದರಲ್ಲೂ ಆತುರ.

ಇಲ್ಲಿ ನಾವಿಬ್ಬರೂ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ, ಆದರೆ ನೀನು ಸುಳ್ಳನ್ನು ಮೂಸಿಯೇ ಹಿಡಿಯುವವಳು. ಅಮ್ಮನ ಬಲ ಮಂಡಿ ಊದಿಕೊಂಡಿದೆ. ಒಂದೊಂದು ಮೆಟ್ಟಿಲಿಗೂ ಎರಡು ಕಾಲು ಕೂಡಿಸಿ ನಿಂತು ಇಳಿಯುತ್ತಾಳೆ. ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಾಗ ಮಾತ್ರ ಮೊದಲಿನ ಹೆಂಗಸೇ. ಬ್ಯಾಗಿನ ಜಿಪ್ಪು ಕಿತ್ತುಕೊಂಡು ಬಂದವರಿಗೆಲ್ಲ ಬೈಗುಳದ ಸಮೇತ ಹೊಸ ಜಿಪ್ಪು. ನನಗೇನೂ ಆಗಿಲ್ಲ. ಗುಂಡುಕಲ್ಲಿನ ಹಾಗಿದ್ದೇನೆ. ಊಟ ಸೇರುತ್ತದೆ, ನಿದ್ದೆ ಬರುತ್ತದೆ. ಇಷ್ಟೆಲ್ಲ ಆದ ಮೇಲೂ ಹೊತ್ತಿಗೆ ಸರಿಯಾಗಿ ಹಸಿವಾಗುತ್ತದೆಯಲ್ಲ ಎಂದು ನನ್ನ ಹೊಟ್ಟೆಯ ಮೇಲೆ ನನಗೇ ಅಸಹ್ಯ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಮೇ ತಿಂಗಳಲ್ಲಿ ನಾನು ಮತ್ತು ನೀನು ಆ ಆಲ್ಪ್ಸ್ ಬೆಟ್ಟಗಳ ದೇಶಕ್ಕೆ ಹೋಗಬೇಕು. ಹೋಗಿ ನಿನ್ನ ತಮ್ಮನನ್ನು ಮನೆಗೆ ಕರೆದುಕೊಂಡು ಬರಬೇಕು. ಕಾಗದವನ್ನು ಇಲ್ಲಿಗೇ ಮಡಿಸಿ ದಿಂಬಿನ ಕೆಳಗೆ ತಳ್ಳಬೇಡ, ಕೊನೆಯವರೆಗೂ ಓದು. ‘ಆ ದಿಕ್ಕಿಗೆ ತಲೆ ಹಾಕಿನೂ ಮಲಗಲ್ಲ ನಾನು’ ಎಂದು ಹೇಳಿ ಈ ಮನೆಯಿಂದ ಹೊರಟವಳು ನೀನು. ನೆನಪಿದೆ. ಮರೆತು ಬರೆಯುತ್ತಿಲ್ಲ, ನೆನಪಿಟ್ಟುಕೊಂಡೇ ಬರೆಯುತ್ತಿದ್ದೇನೆ. ಇದಕ್ಕೆ ನಿನ್ನನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಇದ್ದಿದ್ದರೆ ಅವರ ಕಾಲು ಹಿಡಿಯುತ್ತಿದ್ದೆ, ನಿನ್ನ ತಂಟೆಗೆ ಬರುತ್ತಿರಲಿಲ್ಲ.

ಅಲ್ಲಿನ ರಕ್ಷಣಾ ದಳದ ಮುಖ್ಯಸ್ಥನಿಂದ ಕಾಗದ ಬಂದಿದೆ. ಎದುರಿನ ಔಷಧಿ ಅಂಗಡಿಯವರಿಗೆ ಆ ಭಾಷೆ ಬರುತ್ತದಲ್ಲ, ಅವರೇ ಓದಿ ಹೇಳಿದರು. ಕಹಿ ಗುಳಿಗೆಯನ್ನು ಮಕ್ಕಳಿಗೆ ಪುಡಿ ಮಾಡಿ ಕೊಡುವ ಹಾಗೆ ಒಂದೊಂದು ಮಾತನ್ನೂ ಅರೆದು ಮೆತ್ತಗೆ ಮಾಡಿ ಕೊಟ್ಟರು, ಪಾಪ. ಕಾಗದದಲ್ಲಿ ಒಂದೇ ಪದ ನಾಲ್ಕು ಕಡೆ ಇದ್ದದ್ದು ನನ್ನ ಕಣ್ಣಿಗೂ ಬಿತ್ತು. ನಾಲ್ಕು ಕಡೆಯೂ ಅವರು ‘ನಿಮ್ಮ ಮಗ’ ಎಂದು ಓದಿದರು. ಅದು ಏನು ಪದ ಎಂದು ನಾನು ಕೇಳಲಿಲ್ಲ. ಅವರು ಅಷ್ಟು ಕಷ್ಟಪಟ್ಟು ಮುಚ್ಚಿದ್ದನ್ನು ನಾನು ಯಾಕೆ ತೆರೆಯಲಿ.

ಆ ದೇಶದಲ್ಲಿ ವಸಂತ ಎಲ್ಲ ಕಡೆ ಒಂದೇ ಸಲ ಬರುವುದಿಲ್ಲವಂತೆ. ತಗ್ಗಿನಿಂದ ಹೊರಟು ಬೆಟ್ಟ ಹತ್ತುತ್ತದಂತೆ, ಥೇಟ್ ನಿನ್ನ ಅಮ್ಮನ ಹಾಗೆ, ಒಂದೊಂದೇ ಮೆಟ್ಟಿಲು. ಈಗ ಕೆಳಗೆ ಸರೋವರದ ದಡದಲ್ಲಿ ಮರಗಳೆಲ್ಲ ಹೂ ಬಿಟ್ಟು ನಿಂತಿವೆ. ಬಸ್ಸು ಹೋಗುವ ಕೊನೆಯ ಹಳ್ಳಿಯಲ್ಲಿ ಇನ್ನೂ ಮೊಣಕಾಲುದ್ದ ಹಿಮ. ನಿನ್ನ ತಮ್ಮ ಇರುವ ಕೊರಕಲಿಗೆ ವಸಂತ ಮುಟ್ಟುವುದು ಮೇ ತಿಂಗಳ ಮೂರನೆಯ ವಾರಕ್ಕೆ. ಆಗ ಮೇಲಿನ ಹಿಮ ಸಡಿಲವಾಗುತ್ತದೆ, ಕೋಲು ಚುಚ್ಚಿ ಹುಡುಕಬಹುದು. ಆದರೆ ಅದಾದ ಹತ್ತು ಹನ್ನೆರಡು ದಿನಕ್ಕೆ ಕರಗಿದ ನೀರು ರಭಸವಾಗಿ ಇಳಿಯಲು ಶುರುವಾಗುತ್ತದೆ, ಕೊರಕಲಲ್ಲಿ ಏನಿದ್ದರೂ ಎಳೆದುಕೊಂಡು ಹೋಗುತ್ತದೆ. ಎಲ್ಲಿಗೆ ಎಂದು ಹೇಳುವುದಕ್ಕೆ ಬರುವುದಿಲ್ಲವಂತೆ. ಕೊರಕಲಿಗೆ ಮೂರು ಕವಲು. ಅಂದು ಮಂಜಿನಲ್ಲಿ ನೀನು ಬೆರಳು ತೋರಿಸಿದ್ದು ಯಾವ ಕವಲಿನ ಕಡೆಗೆ ಎಂದು ಅವರಿಗೆ ಇಂದಿಗೂ ಖಚಿತವಿಲ್ಲ. ಮೂರನ್ನೂ ಹುಡುಕಲು ಆ ಹತ್ತು ದಿನ ಸಾಲದು. ಒಂದನ್ನು ಹುಡುಕಲು ಸಾಕು. ಅವನು ಜಾರಿದ ಜಾಗದಲ್ಲಿ ನಿಂತವಳು ನೀನೊಬ್ಬಳೇ. ಆದ್ದರಿಂದ ಅವರು ಕೇಳಿದ್ದು ನನ್ನನ್ನಲ್ಲ, ನಿನ್ನನ್ನು. ನಾನು ಬರೀ ಚೀಲ ಹೊರುವವನು.

ಪ್ರವಾಸದ ಏಜೆನ್ಸಿಗೆ ಮೂರು ಸಲ ಹೋಗಿ ಬಂದೆ. ಅಂಚೆ ಕಚೇರಿಯ ಪಕ್ಕದ ಮಹಡಿಯ ಮೇಲಿದೆ, ಗೋಡೆ ತುಂಬ ಸಮುದ್ರ. ಅಲ್ಲಿನ ಹುಡುಗಿಗೆ ನಿನಗಿಂತ ಎರಡು ಮೂರು ವರ್ಷ ಕಡಿಮೆ ಇರಬಹುದು. ಮೇ ತಿಂಗಳು, ಆಲ್ಪ್ಸ್ ಎಂದ ಕೂಡಲೇ ಅವಳ ಮುಖ ಅರಳಿತು. ‘ಎಂಥ ಒಳ್ಳೆ ಟೈಮಲ್ಲಿ ಹೊರಟಿದೀರ ಅಂಕಲ್, ವಸಂತದಲ್ಲಿ ಅದು ಸ್ವರ್ಗ’ ಎಂದು ಬಣ್ಣದ ಪುಸ್ತಕವನ್ನು ನನ್ನ ಮುಂದೆ ಬಿಚ್ಚಿಟ್ಟಳು. ದೋಣಿ, ಹೂವಿನ ಹಾದಿ, ಗಾಜಿನ ಕಿಟಕಿಯ ರೈಲು. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಎಷ್ಟು ಜನ ಎಂದು ಕೇಳಿದಳು. ಹೋಗುವಾಗ ಇಬ್ಬರು, ಬರುವಾಗ ಮೂವರು ಎಂದೆ. ಅವಳು ಬೆರಳುಗಳನ್ನು ಕೀಲಿಮಣೆಯ ಮೇಲೇ ಇಟ್ಟುಕೊಂಡು ನಕ್ಕಳು, ‘ಏನಂಕಲ್, ಅಲ್ಲೇ ಪಾಪು ಹುಟ್ಟುತ್ತಾ? ಎರಡು ವರ್ಷದ ಒಳಗಾದ್ರೆ ಸೀಟು ಬೇಡ’ ಎಂದಳು. ಇಪ್ಪತ್ತಾರು ವರ್ಷದ್ದಮ್ಮ ಎಂದೆ. ಸೀಟು ಅದಕ್ಕೂ ಬೇಡ, ಕೆಳಗೆ ಸಾಮಾನಿನ ಜತೆ ಬರುತ್ತಾನೆ ಎಂದೆ.

ಹಾಗೆ ಹೇಳಬಾರದಿತ್ತು. ನನ್ನ ನಾಲಿಗೆ ನಿನಗೆ ಗೊತ್ತಲ್ಲ, ನಿನಗೂ ಅದೇ ಬಂದಿದೆ. ಆ ಹುಡುಗಿ ಎದ್ದು ಒಳಗೆ ಹೋದವಳು ಐದು ನಿಮಿಷ ಹೊರಗೆ ಬರಲಿಲ್ಲ. ಬಂದಾಗ ಕಣ್ಣು ಕೆಂಪಗಾಗಿತ್ತು, ಕೈಯಲ್ಲಿ ನನಗೆಂದು ಒಂದು ಲೋಟ ನೀರು. ಆಮೇಲೆ ಬಣ್ಣದ ಪುಸ್ತಕ ಮುಚ್ಚಿಟ್ಟು, ಅಂಥವರನ್ನು ವಿಮಾನದಲ್ಲಿ ತರಲು ಯಾವ ಯಾವ ಕಾಗದ ಬೇಕು, ಯಾವ ಯಾವ ಮೊಹರು ಬೇಕು ಎಂದು ಒಂದೊಂದಾಗಿ ಫೋನ್ ಮಾಡಿ ಕೇಳಿ ಬರೆದುಕೊಟ್ಟಳು. ಅವಳ ಎಡಗಾಲಿನ ಚಪ್ಪಲಿಯ ಹಿಮ್ಮಡಿ ಒಳಬದಿಗೆ ಪೂರ್ತಿ ಸವೆದಿತ್ತು. ಮರುದಿನ ತರಿಸಿಕೊಂಡು ಸರಿ ಮಾಡಿಕೊಟ್ಟೆ. ನನ್ನಿಂದ ಬೇರೆ ಏನು ಆಗುತ್ತದೆ.

ಅವಳು ಕೊಟ್ಟ ಆ ಬಣ್ಣದ ಪುಸ್ತಕದ ಕೊನೆಯ ಹಾಳೆಯ ಒಂದು ಬದಿ ಖಾಲಿ ಇತ್ತು, ಅದರ ಮೇಲೇ ನಮ್ಮ ಪ್ರಯಾಣ ಬರೆದಿದ್ದೇನೆ. ಮೇ ಹದಿನೆಂಟನೇ ತಾರೀಖು ಭಾನುವಾರ ಹೊರಡುವುದು. ನೀನು ಹದಿನೇಳಕ್ಕೇ ಇಲ್ಲಿಗೆ ಬಂದುಬಿಡಬೇಕು. ಹತ್ತೊಂಬತ್ತಕ್ಕೆ ಸರೋವರದ ಊರು, ರೈಲು ನಿಲ್ದಾಣದ ಹಿಂದುಗಡೆಯೇ ಒಂದು ಸಣ್ಣ ವಸತಿಗೃಹ. ಇಪ್ಪತ್ತಕ್ಕೆ ಸರೋವರದ ಪಕ್ಕದಲ್ಲೇ ಹೋಗುವ ರೈಲು. ಎರಡು ಗಂಟೆಯ ಮೇಲೆ ಇಳಿದು ಚಿಕ್ಕ ರೈಲಿಗೆ ಹತ್ತಬೇಕು. ಹಳಿಯ ನಡುವೆ ಹಲ್ಲುಪಟ್ಟಿ ಹಾಕಿರುತ್ತಾರಂತೆ, ಗಾಡಿ ಅದನ್ನು ಕಚ್ಚಿ ಹಿಡಿದುಕೊಂಡು ಮೇಲೆ ಹೋಗುತ್ತದೆ. ನಿನಗೆ ಇದೆಲ್ಲ ಗೊತ್ತು, ನೀವಿಬ್ಬರೂ ಅದರಲ್ಲಿ ಕೂತು ಹೋದವರೇ. ಗೊತ್ತಿದ್ದವಳಿಗೇ ಹೇಳುತ್ತಿದ್ದೇನೆ. ಇಪ್ಪತ್ತೊಂದಕ್ಕೆ ಬಸ್ಸು. ರಸ್ತೆಯ ಹಿಮ ಎಲ್ಲಿಯವರೆಗೆ ತೆಗೆದಿರುತ್ತಾರೋ ಅಲ್ಲಿಯವರೆಗೆ ಬಸ್ಸು, ಅಲ್ಲಿಂದ ದಳದ ಜೀಪು, ಜೀಪಿನಿಂದ ಮುಂದೆ ಕಾಲು. ತಂತಿಯ ಮೇಲೆ ಜನರನ್ನು ಬೆಟ್ಟಕ್ಕೆ ಏರಿಸುವ ತೂಗುಕುರ್ಚಿ ಇಲ್ಲ, ವಸಂತದಲ್ಲಿ ಅದನ್ನು ನಿಲ್ಲಿಸಿ ರಿಪೇರಿ ಮಾಡುತ್ತಾರಂತೆ. ಜನ ಬರುವುದು ಹಿಮಕ್ಕೆ ಇಲ್ಲವೇ ಹೂವಿಗೆ. ನಮ್ಮ ಹಾಗೆ ನಡುವೆ ಹೋಗುವವರು ಯಾರೂ ಇಲ್ಲ. ಇಪ್ಪತ್ತೆರಡರಿಂದ ಆಚೆಗೆ ತಾರೀಖು ಬರೆದಿಲ್ಲ. ಅಲ್ಲಿಂದ ಹಿಮ ಹೇಳಿದ ಹಾಗೆ ನಾವು ಕೇಳಬೇಕು. ಹಾಳೆಯ ತಳದಲ್ಲಿ ‘ವಾಪಸು’ ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದೇನೆ. ಹಾಳೆಯ ಆ ಕಡೆ ಒಂದು ಫೋಟೋ ಇದೆ: ಅಪ್ಪ, ಅಮ್ಮ, ಮಗ, ಮಗಳು, ಹಳದಿ ಹೂವಿನ ನಡುವೆ. ನಾಲ್ವರ ಬೂಟಿಗೂ ಒಂದು ಚೂರು ಕೆಸರಿಲ್ಲ. ಅಂಥ ಫೋಟೋ ನಂಬಬಾರದು.

ಅಮ್ಮನಿಗೂ ಬರುವ ಆಸೆ, ಮಂಡಿ ಬಿಡುವುದಿಲ್ಲ. ಅದರ ಬದಲು ಚೀಲ ತುಂಬುತ್ತಿದ್ದಾಳೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವಳು ಅವಳು. ಹೊರಡಲು ಇನ್ನೂ ಒಂದು ತಿಂಗಳಿದೆ, ಚೀಲ ಬಾಗಿಲ ಪಕ್ಕದಲ್ಲಿ ಬಂದು ಕೂತಿದೆ. ಹೋದ ವಾರ ಅದರಲ್ಲಿ ಏನಿದೆ ಎಂದು ನೋಡಿದೆ. ನನ್ನ ಬೆಚ್ಚನೆಯ ಅಂಗಿ, ನಿನ್ನ ಹಳೆಯ ಟೋಪಿ, ಆಮೇಲೆ ಅವನ ಉಣ್ಣೆಯ ಕಾಲುಚೀಲ ಮೂರು ಜತೆ, ಒಂದಕ್ಕೊಂದು ಸುತ್ತಿ ಉಂಡೆ ಮಾಡಿ ಇಟ್ಟದ್ದು. ಇದು ಯಾಕೆ ಎಂದು ಕೇಳುವಷ್ಟು ದಡ್ಡ ನಾನು. ‘ಅವನ ಕಾಲು ಒದ್ದೆಯಾಗಿರುತ್ತೆ ಕಣ್ರೀ’ ಎಂದಳು. ಆಮೇಲೆ ಜಿಪ್ಪು ಹಾಕಿದಳು. ನಾನು ಅಂಗಡಿಗೆ ಇಳಿದು ಬಂದುಬಿಟ್ಟೆ.

ಇನ್ನೊಂದು ಮಾತನ್ನೂ ಅವಳು ಬರೆಯಲು ಹೇಳಿದ್ದಾಳೆ. ನಿನ್ನ ಬೂಟನ್ನು ಮೊದಲೇ ಇಲ್ಲಿಗೆ ಕಳಿಸಬೇಕಂತೆ, ನಾನು ಬಿಚ್ಚಿ ನೋಡಿ ಹೊಸ ಸೋಲ್ ಹಾಕಿಕೊಡಬೇಕಂತೆ. ‘ಊರವರ ಬೂಟೆಲ್ಲ ನೋಡ್ತೀರ, ಮಗಳದು ನೋಡಕ್ಕಾಗಲ್ವಾ’ ಎಂದು ದಿನಕ್ಕೆ ಎರಡು ಸಲ ಕೇಳುತ್ತಾಳೆ. ನೋಡೋಣ ಎಂದಿದ್ದೇನೆ. ಅಂಗಡಿಯ ಮೇಲಿನ ಕಪಾಟನ್ನು ಖಾಲಿ ಮಾಡಿದೆ. ರಿಪೇರಿಗೆ ಕೊಟ್ಟವರು ಮತ್ತೆ ತಿರುಗಿಯೂ ನೋಡದ ಬೂಟು, ಚಪ್ಪಲಿಗಳನ್ನು ವರ್ಷಗಟ್ಟಲೆ ಇಟ್ಟಿರುತ್ತಿದ್ದೆನಲ್ಲ, ನಿನ್ನ ತಮ್ಮ ‘ಅನಾಥಾಲಯ’ ಎಂದು ಹೆಸರಿಟ್ಟಿದ್ದನಲ್ಲ, ಆ ಕಪಾಟು. ಇಪ್ಪತ್ತಮೂರು ಜತೆ ಇತ್ತು. ಒಂದೊಂದನ್ನೂ ನಡುವೆ ಕತ್ತರಿಸಿ ಹೊರಗೆ ಹಾಕಿದೆ. ಅಮ್ಮ ಯಂತ್ರ ನಿಲ್ಲಿಸಿ ನೋಡುತ್ತ ಕೂತಿದ್ದಳು. ಯಾಕೆ ಎಂದಳು, ಧೂಳು ಎಂದೆ.

ನಿಮ್ಮಿಬ್ಬರ ಬೂಟನ್ನು ಕಣ್ಣು ಕಟ್ಟಿದರೂ ಹೇಳುತ್ತಿದ್ದೆ. ನೀನು ಮುಂಗಾಲು ಸವೆಸುವವಳು, ಹುಟ್ಟಿದಾಗಿನಿಂದ ಎಲ್ಲಿಗೋ ತಡವಾದವಳ ಹಾಗೆ. ಅವನು ಹಿಮ್ಮಡಿ ಸವೆಸುವವನು, ಯಾರೋ ಹಿಂದಿನಿಂದ ನೂಕುತ್ತಿದ್ದಾರೆ ಎನ್ನುವ ಹಾಗೆ. ನೀನು ಆಟದ ಮೇಷ್ಟ್ರಾದಾಗ ನಾನು ಅಮ್ಮನಿಗೆ ಹೇಳಿದ್ದೆ, ಇವಳಿಗೆ ಸೀಟಿ ಕೊಡಬಾರದಿತ್ತು, ಸೀಟಿಯಿಲ್ಲದೆಯೇ ಜನ ಓಡುತ್ತಿದ್ದರು ಎಂದು. ಅವನು ಕನ್ನಡಕದ ಅಂಗಡಿ ಸೇರಿ ಗಾಜು ಉಜ್ಜುತ್ತ ಕೂತ. ಕೂತು ಮಾಡುವ ಕೆಲಸ ಅವನಿಗೆ ಹೇಳಿ ಮಾಡಿಸಿದ ಹಾಗಿತ್ತು. ಮೂರು ವರ್ಷದವನಿದ್ದಾಗ ಇಲ್ಲೇ, ಈ ಮೇಜಿನ ಕೆಳಗೆ, ಬೂಟಿನ ಮೊಳೆ ನುಂಗಿದ. ಎರಡು ದಿನ ನಾವು ಮೂವರೂ ಅವನ ಹಿಂದೆ ಹಿಂದೆ ಕಾವಲು. ನೀನು ಏಳು ವರ್ಷದವಳು, ಪಾತ್ರೆ ಹಿಡಿದುಕೊಂಡು ‘ಬಂತಾ, ಬಂತಾ’ ಎಂದು ಅವನ ಪ್ರಾಣ ತಿಂದೆ. ಕೊನೆಗೆ ಬಂತು. ಅಂದಿನಿಂದ ಅವನು ‘ಮೊಳೆ’. ಆ ಮೊಳೆಯನ್ನು ನಾನು ತೊಳೆದು ಇಟ್ಟುಕೊಂಡಿದ್ದೇನೆ, ಖಾನೆಯಲ್ಲಿದೆ. ನೀನು ಬಿಟ್ಟು ಹೋದ ಸೀಟಿಯೂ ಅದರ ಪಕ್ಕದಲ್ಲೇ ಇದೆ.

ಅಕ್ಟೋಬರಿನಲ್ಲಿ ನೀನು ಒಬ್ಬಳೇ ವಾಪಸು ಬಂದ ದಿನ ಅಡುಗೆಮನೆಯಲ್ಲಿ ನಿಂತು ಹೇಳಿದ್ದು ನನಗೆ ಅಕ್ಷರ ಬಿಡದೆ ನೆನಪಿದೆ. ಇಳಿಜಾರಿನಲ್ಲಿ ನೀನು ಮುಂದೆ, ಅವನು ಹಿಂದೆ. ಮೋಡ ಕಟ್ಟುತ್ತಿತ್ತು. ‘ಕಾಲು ನಿಲ್ತಾ ಇಲ್ಲ ಕಣೇ ಅಕ್ಕ ಅಂದ. ನೆಪ ಹೇಳ್ಬೇಡ, ಬೇಗ ಬಾ ಅಂತ ಸೀಟಿ ಊದಿದೆ. ಓಡಿ ಬಂದ. ಜಾರಿದ’ ಎಂದೆ. ಅಷ್ಟೇ ಹೇಳಿದೆ. ಅವನು ಜಾರಿದ ದಿನ ಸಂಜೆಯಿಂದ ಮೂರು ದಿನ ಅಲ್ಲಿ ಹಿಮ ಬಿದ್ದಿತ್ತು, ಹುಡುಕುವವರು ಕೈಚೆಲ್ಲಿದರು. ನೀನು ಹೇಳಿ ಮುಗಿಸಿದ ಮೇಲೆ ಅಮ್ಮ ಅಂದಳು, ‘ಹಿಂದೆ ಬರೋನನ್ನ ಒಂದು ಸಲ ತಿರುಗಿ ನೋಡಕ್ಕಾಗ್ಲಿಲ್ವೇನೇ ನಿನಗೆ’ ಎಂದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮಾತಿಗೆ ಅವಳು ಇಂದಿಗೂ ತಲೆ ಚಚ್ಚಿಕೊಳ್ಳುತ್ತಾಳೆ. ಹೆತ್ತ ಹೊಟ್ಟೆ, ಉರಿಯಲ್ಲಿ ಆಡಿದ್ದು, ಹೊಟ್ಟೆಗೆ ಹಾಕಿಕೋ. ನಾನು ಆಗ ನಲ್ಲಿಯ ಹತ್ತಿರ ನಿಂತಿದ್ದೆ. ಲೋಟ ತುಂಬಿ ಚೆಲ್ಲುತ್ತಿತ್ತು, ನಲ್ಲಿ ನಿಲ್ಲಿಸಲೂ ಇಲ್ಲ, ಬಾಯಿ ಬಿಡಲೂ ಇಲ್ಲ. ನಾಲ್ಕು ದಿನಕ್ಕೆ ನೀನು ಸೀಟಿಯನ್ನು ಊಟದ ಮೇಜಿನ ಮೇಲಿಟ್ಟು, ಶಾಲೆಯ ಕೆಲಸಕ್ಕೆ ರಾಜೀನಾಮೆ ಬರೆದು, ಬೇರೆಯವರ ರಕ್ತ ಮೆತ್ತಿದ ಬಟ್ಟೆ ಒಗೆಯಲು ಹೊರಟುಹೋದೆ. ಶಿಕ್ಷೆ ಹಾಕಿಕೊಳ್ಳುವುದರಲ್ಲೂ ನಿನಗೆ ಆತುರ. ತಪ್ಪು ಯಾರದೆಂದು ಕೇಳುವವರೆಗೂ ಕಾಯಲಿಲ್ಲ.

ಬಾ ಮಗಳೇ. ಬಾಯಿ ಬಿಟ್ಟು ಕೇಳುತ್ತಿದ್ದೇನೆ. ನೀನು ಆ ಕೊರಕಲಿನ ಹತ್ತಿರಕ್ಕೆ ಹೋಗಬೇಕಾಗಿಲ್ಲ. ಎದುರಿನ ದಿಣ್ಣೆಯ ಮೇಲೆ ಒಂದು ವಿಶ್ರಾಂತಿ ಗುಡಿಸಲಿದೆ, ಅದರ ಅಂಗಳದಿಂದ ಮೂರು ಕವಲೂ ಕಾಣುತ್ತವಂತೆ. ಅಲ್ಲಿ ಬೆಂಚಿನ ಮೇಲೆ ಕೂತು ಬೆರಳು ತೋರಿಸು, ಸಾಕು. ಆಮೇಲೆ ಬೆನ್ನು ಹಾಕಿ ಕೂತುಕೋ. ನೋಡಬೇಕಾದದ್ದನ್ನು ನಾನು ನೋಡುತ್ತೇನೆ. ಸರೋವರದ ಊರಿನಲ್ಲಿ ಹೂವು ನೋಡು, ಫೋಟೋ ನೋಡು, ಬೇಡವಾದರೆ ಗೋಡೆ ನೋಡು. ನಿನ್ನನ್ನು ನಾನು ಏನೂ ಕೇಳುವುದಿಲ್ಲ. ಹತ್ತು ದಿನ ಕಳೆದರೆ ಅವನು ನಮಗೆ ಸಿಗುವುದಿಲ್ಲ. ಅಮ್ಮ ಆ ಮೂರು ಜತೆ ಕಾಲುಚೀಲ ಇಟ್ಟುಕೊಂಡು ಸಾಯುವವರೆಗೆ ಬಾಗಿಲು ಕಾಯುತ್ತಾಳೆ.

ಕೋಣೆಯ ಹುಡುಗಿಗೆ ನನ್ನ ನೆನಪು ತಿಳಿಸು, ನಿನ್ನ ಮೇಲೆ ಒಂದು ಕಣ್ಣಿಟ್ಟಿರುವುದಕ್ಕೆ ಅವಳಿಗೆ ಪುಣ್ಯ ಬರಲಿ. ಅಮ್ಮ ನಿನ್ನ ಹಣೆಗೆ ಮುತ್ತು ಕೊಟ್ಟಿದ್ದಾಳೆ ಎಂದು ಬರೆಯಲು ಹೇಳಿ ಮೇಲೆ ಹೋದಳು. ಎಲ್ಲಿದ್ದರೂ ನೆತ್ತಿಯ ಮೇಲೆ ನೆರಳಿರಲಿ, ಹೊತ್ತಿಗೆ ಸರಿಯಾಗಿ ಅನ್ನ ಸಿಗಲಿ, ಕಾಲಿಗೆ ಮುಳ್ಳು ಸೋಕದಿರಲಿ.

ನಿನ್ನ
ಅಪ್ಪ

ಮರೆತ ಮಾತು: ಮರೆತದ್ದಲ್ಲ. ಸುತ್ತಿ ಬಳಸಿ ಹೇಳುವುದು ಬರುವುದಿಲ್ಲ ಎಂದು ಬರೆದವನು ಇಷ್ಟು ಪುಟ ಬರೀ ಸುತ್ತಿದ್ದೇನೆ. ಅಂಚೆಯವನು ಇನ್ನು ಅರ್ಧ ಗಂಟೆಗೆ ಡಬ್ಬ ತೆರೆಯಲು ಬರುತ್ತಾನೆ, ಅಷ್ಟರೊಳಗೆ ಹೇಳಿಬಿಡುತ್ತೇನೆ.

ಹತ್ತೊಂಬತ್ತು ದಿನದ ಹಿಂದೆ ಅಲ್ಲಿಂದ ಒಂದು ಪಾರ್ಸೆಲ್ ಬಂತು. ಕೊರಕಲಿನ ಕೆಳಗೆ, ಮೂರು ಕವಲಿನ ನೀರೂ ಕೂಡಿ ಹಳ್ಳಿಗೆ ಹೋಗುವ ಕಾಲುವೆ ಇದೆ. ಅದರ ಬಾಯಿಗೆ ಹಾಕಿದ ಜಾಲರಿ ತೊಳೆಯುವಾಗ ಒಬ್ಬನಿಗೆ ಬೂಟಿನ ಸೋಲ್ ಸಿಕ್ಕಿತು. ಬರೀ ಸೋಲ್, ಬಲಗಾಲಿನದು. ನಮ್ಮಪ್ಪ ಬೂಟು ರಿಪೇರಿಯವನು ಎಂದು ನೀನು ಅವರಿಗೆ ಹೇಳಿದ್ದೆಯಲ್ಲ, ಗುರುತು ಹಿಡಿಯಲು ನನಗೇ ಕಳಿಸಿದರು. ನಾನು ಹಾಕಿದ ಪ್ರತಿ ಸೋಲಿನ ನಡುವೆಯೂ ದಬ್ಬಣದ ಮೊನೆಯಿಂದ ಮೂರು ಚುಕ್ಕೆ ಇಡುತ್ತೇನೆ. ಇದರಲ್ಲಿ ಮೂರು ಚುಕ್ಕೆ ಇದೆ.

ಅವನ ಆ ಬೂಟು ಅನಾಥಾಲಯದ್ದು. ಯಾರೋ ಉದ್ದನೆಯ ಮನುಷ್ಯ ಐದು ವರ್ಷದ ಹಿಂದೆ ಸೋಲ್ ಹಾಕಲು ಕೊಟ್ಟು ಮತ್ತೆ ಬರಲಿಲ್ಲ. ಮೊಳೆಯ ಕಾಲಿಗೆ ಅಳತೆ ತೆಗೆದ ಹಾಗೆ ಕೂತಿತು. ನೀವು ಹೊರಡುವ ಎರಡು ದಿನ ಮುಂಚೆ ಹಳೆಯ ಸೋಲ್ ಕಿತ್ತೆ. ಒಳಗಿನ ಮೆತ್ತನೆಯ ಪದರವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಒತ್ತಿದ ಗುಳಿ ಮೇಲೆ ಬರಲಿಲ್ಲ. ಬೆರ‍ಳಿಗೆ ಕರೀ ಪುಡಿ ಹತ್ತಿತು. ಬಳಸದೆ ಇಟ್ಟ ಬೂಟು ಒಳಗಿಂದ ಸಾಯುತ್ತದೆ ಎಂದು ಬರುವ ಹೋಗುವ ಗಿರಾಕಿಗೆಲ್ಲ ಪಾಠ ಹೇಳುವವನು ನಾನು. ದೀಪದ ಬುಡದಲ್ಲಿ ಕತ್ತಲೆ. ಆ ಪದರವನ್ನೇ ತೆಗೆದು ಹೊಸದು ಹಾಕಬೇಕಿತ್ತು, ಅದನ್ನು ತರಿಸಲು ಒಂದು ವಾರ ಬೇಕಿತ್ತು. ಅವನು ಮುಂದೆ ಕಾಲುಚೀಲದಲ್ಲಿ, ಒಂಟಿ ಕಾಲಿನಲ್ಲಿ ನಿಂತು ‘ಅಪ್ಪಾ, ಆಯ್ತಾ?’ ಎನ್ನುತ್ತಿದ್ದ. ಪುಡಿ ಒರೆಸಿ ಅಂಟು ಬಳಿದೆ. ‘ಆಯ್ತು ಕಣೋ’ ಎಂದೆ.

ಪಾರ್ಸೆಲ್‌ನಲ್ಲಿ ಬಂದ ಸೋಲಿನಲ್ಲಿ ನನ್ನ ಅಂಟು ಎಲ್ಲೂ ಬಿಟ್ಟಿಲ್ಲ. ಆ ಸತ್ತ ಪದರವೇ ಹರಿದು ಅಂಟಿನ ಜತೆ ಬಂದಿದೆ. ‘ಕಾಲು ನಿಲ್ತಾ ಇಲ್ಲ’ ಎಂದು ಅವನು ಹೇಳಿದ್ದು ನೆಪವಲ್ಲ, ನಿನಗೆ ಅದು ತಿಳಿಯುವ ದಾರಿಯೂ ಇರಲಿಲ್ಲ. ನಿಧಾನವಾಗಿ ಇಳಿದಿದ್ದರೂ ಅದು ಕೀಳುತ್ತಿತ್ತು. ಪಾರ್ಸೆಲ್ ಬಂದ ಮೇಲೆ ನನಗೆ ಗೊತ್ತಾದದ್ದೂ ಅಲ್ಲ ಇದು. ಅಡುಗೆಮನೆಯಲ್ಲಿ ನೀನು ಆ ಮಾತು ಹೇಳಿದಾಗಲೇ, ನಲ್ಲಿಯ ಮುಂದೆ ನಿಂತಾಗಲೇ, ನನ್ನ ಹೆಬ್ಬೆರಳಿಗೆ ಗೊತ್ತಾಗಿತ್ತು. ನನ್ನ ಮೇಲೆ ಬರಬೇಕಾದ ದೊಣ್ಣೆ ನಿನ್ನ ಮೇಲೆ ಬಿತ್ತು, ನಾನು ಬೀಳಲು ಬಿಟ್ಟೆ. ಆರು ತಿಂಗಳು.

ಗುರುತು ನನ್ನದೇ ಎಂದು ಅವರಿಗೆ ಬರೆದಿದ್ದೇನೆ. ಕಾಗದ ಡಬ್ಬಕ್ಕೆ ಹಾಕಿ ಬಂದು ಅಮ್ಮನಿಗೂ ಹೇಳುತ್ತೇನೆ. ಮೊದಲು ನಿನಗೆ, ಯಾಕೆಂದರೆ ಏಟು ತಿಂದವಳು ನೀನು. ಇಷ್ಟು ಓದಿದ ಮೇಲೆ ನನ್ನ ಜತೆ ಒಂದೇ ರೈಲಿನಲ್ಲಿ ಕೂರಲು ನಿನಗೆ ಮನಸ್ಸಾಗದಿದ್ದರೆ ಬೇರೆ ಬೋಗಿಯಲ್ಲಿ ಕೂತುಕೋ, ನಾನು ತಿರುಗಿ ನೋಡುವುದಿಲ್ಲ. ಆದರೆ ಅವನಿಗಾಗಿ ಬಾ.

ಅಮ್ಮ ಹೇಳಿದಳೆಂದು ನಿನ್ನ ಬೂಟನ್ನು ನನಗೆ ಕಳಿಸಬೇಡ. ಬೇರೆ ಅಂಗಡಿಯಲ್ಲಿ, ಹೊಸದು ತೆಗೆದುಕೋ.